ಚೀಟಿ ಇಲ್ಲದ ರೋಗಿ

(ರಜೆಗೆ ಊರಿಗೆ ಬಂದಿದ್ದಾಗ ಫಿಸಿಯೋಥೆರಪಿ ಇಂಟರ್ನ್‌ಗಳ ಎದುರು ಆಡಿದ ಮಾತುಗಳಿವು. ಅಮೆರಿಕದ ಲೈಸೆನ್ಸ್ ಪರೀಕ್ಷೆಗೆ ಓದುವುದು ಹೇಗೆ ಅಂತ ಹೇಳಿ ಎಂದು ಕೇಳಿದ್ದರು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಈ ಪರೀಕ್ಷೆಯಲ್ಲಿ ಒಂದು ಸಲ ಫೇಲಾದವಳು. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಪಾಸಾಗಲು 600 ಬೇಕು. ನನಗೆ ಬಂದದ್ದು 588. ಕಾಲೇಜಿನಲ್ಲಿ ಯಾವತ್ತೂ ಫೇಲಾದವಳಲ್ಲ. ಅನಾಟಮಿ ವೈವಾದಲ್ಲಿ ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ತೋಳಿಗೆ ಹೋಗುವ ನರಗಳ ಜಾಲದ ಚಿತ್ರವನ್ನು ಕಣ್ಣು ಮುಚ್ಚಿ ಬರೆದವಳು. ಆ ಹನ್ನೆರಡು ಅಂಕ ಎಲ್ಲಿ ಹೋಯಿತು ಎಂದು ತಿಳಿಯಲು ನನಗೆ ಐದಾರು ತಿಂಗಳೇ ಹಿಡಿಯಿತು. ಇವತ್ತು ಹೇಳಬೇಕು ಅಂತ ಬಂದಿರುವುದು ಮುಖ್ಯವಾಗಿ ಅದನ್ನೇ.

ಪರೀಕ್ಷೆಯ ಹೆಸರು ಎನ್‌ಪಿಟಿಇ. ನ್ಯಾಷನಲ್ ಫಿಸಿಕಲ್ ಥೆರಪಿ ಎಕ್ಸಾಮಿನೇಷನ್. ಅಲ್ಲಿನ ರಾಜ್ಯಗಳ ಲೈಸೆನ್ಸ್ ಮಂಡಳಿಗಳೆಲ್ಲ ಸೇರಿ ಮಾಡಿಕೊಂಡ ಒಂದು ಒಕ್ಕೂಟ ಇದನ್ನು ನಡೆಸುತ್ತದೆ. ಎಫ್‌ಎಸ್‌ಬಿಪಿಟಿ ಅನ್ನುತ್ತಾರೆ. ವರ್ಷಕ್ಕೆ ನಾಲ್ಕು ಸಲ ನಡೆಯುತ್ತದೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ನಾನು ಬರೆದಾಗ 250 ಪ್ರಶ್ನೆ ಇತ್ತು. 2024ರ ಜನವರಿಯಿಂದ 225 ಆಗಿದೆ. ಐದು ಭಾಗ, ಒಂದೊಂದರಲ್ಲಿ 45. ಒಟ್ಟು ಐದು ಗಂಟೆ. ಲೆಕ್ಕ ಹಾಕಿದರೆ ಒಂದು ಪ್ರಶ್ನೆಗೆ 80 ಸೆಕೆಂಡ್. 225ರಲ್ಲಿ ಅಂಕಕ್ಕೆ ಸೇರುವುದು 180 ಮಾತ್ರ. ಉಳಿದ 45 ಪ್ರಶ್ನೆಗಳನ್ನು ಮುಂದೆ ಬಳಸಬಹುದಾ ಅಂತ ಪರೀಕ್ಷಿಸಲು ಹಾಕಿರುತ್ತಾರೆ. ಯಾವುದು ಯಾವುದು ಅಂತ ನಿಮಗೆ ಗೊತ್ತಾಗುವುದಿಲ್ಲ. ಹಾಗಾಗಿ ವಿಚಿತ್ರವಾದ ಪ್ರಶ್ನೆ ಬಂದರೆ ಕಂಗಾಲಾಗಬೇಡಿ. ಅದು ಆ 45ರಲ್ಲಿ ಒಂದಾಗಿರಬಹುದು ಅಂತ ಸಮಾಧಾನ ಮಾಡಿಕೊಂಡು ಮುಂದೆ ಹೋಗಿ. ಒಂದು ಭಾಗ ಮುಗಿಸಿ ಮುಂದಿನದಕ್ಕೆ ಹೋದರೆ ಹಿಂದಕ್ಕೆ ಬರುವ ಹಾಗಿಲ್ಲ.

600 ಅಂದರೆ ಪರ್ಸೆಂಟೇಜ್ ಅಲ್ಲ. 200ರಿಂದ 800ರವರೆಗಿನ ಒಂದು ಅಳತೆ. ಪ್ರಶ್ನೆಪತ್ರಿಕೆ ಸ್ವಲ್ಪ ಕಷ್ಟ ಇದ್ದರೆ ಕಡಿಮೆ ಉತ್ತರಕ್ಕೂ 600 ಸಿಗುತ್ತದೆ. ಸುಲಭ ಇದ್ದರೆ ಜಾಸ್ತಿ ಸರಿ ಇರಬೇಕು. ಒಂದು ವರ್ಷದೊಳಗೆ ಮೂರು ಸಲ, ಜೀವನಪೂರ್ತಿ ಆರು ಸಲ ಮಾತ್ರ ಬರೆಯಬಹುದು. 400 ಅಥವಾ ಅದಕ್ಕಿಂತ ಕಡಿಮೆ ಎರಡು ಸಲ ಬಂದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ 'ಸುಮ್ನೆ ಒಂದು ಸಲ ಬರೆದು ನೋಡೋಣ' ಅನ್ನುವ ಪರೀಕ್ಷೆ ಇದಲ್ಲ. ಜೊತೆಗೆ, ಬೆಂಗಳೂರಿನಲ್ಲಿ ಕುಳಿತು ಬರೆಯಲು ಆಗುವುದಿಲ್ಲ. ಅಮೆರಿಕದ ನೆಲಕ್ಕೆ ಹೋಗಿಯೇ ಬರೆಯಬೇಕು. ವೀಸಾ, ಟಿಕೆಟ್, ಉಳಿದುಕೊಳ್ಳುವ ಖರ್ಚು ಎಲ್ಲ ಸೇರಿದರೆ ಪರೀಕ್ಷೆಯ ಫೀಸೇ ಕಡಿಮೆ ಅನ್ನಿಸುತ್ತದೆ.

ಈಗ ಆ ಹನ್ನೆರಡು ಅಂಕದ ವಿಷಯ.

ನಮ್ಮ ಒಪಿಡಿಯಲ್ಲಿ ಏನಾಗುತ್ತದೆ? ರೋಗಿ ಕೈಯಲ್ಲಿ ಚೀಟಿ ಹಿಡಿದು ಬರುತ್ತಾರೆ. ಆರ್ಥೋ ಡಾಕ್ಟರು ಬರೆದಿರುತ್ತಾರೆ: ಐಎಫ್‌ಟಿ (ನೋವಿಗೆ ಹಚ್ಚುವ ಕರೆಂಟ್), ಅಲ್ಟ್ರಾಸೌಂಡ್, ಎಕ್ಸರ್‌ಸೈಜ್, ಹತ್ತು ದಿನ. ನಾವು ಮಷೀನ್ ಹಚ್ಚುತ್ತೇವೆ. ಊರ ಕಡೆ ಜನ ನಮ್ಮನ್ನು 'ಕರೆಂಟ್ ಕೊಡೋರು' ಅಂತಲೇ ಕರೆಯುತ್ತಾರೆ ಅಲ್ವಾ? ನಮ್ಮಮ್ಮ ಕೂಡ ಪಕ್ಕದ ಮನೆಯವರಿಗೆ ಹಾಗೇ ಹೇಳಿದ್ದರು, ಮಗಳು ಕರೆಂಟ್ ಕೊಡೋದು ಓದ್ತಿದಾಳೆ ಅಂತ. ತಪ್ಪು ಅವರದಲ್ಲ. ಯೋಚನೆ ಮಾಡುವ ಕೆಲಸವನ್ನು ಆ ಚೀಟಿ ಬರೆದವರು ಆಗಲೇ ಮಾಡಿ ಮುಗಿಸಿರುತ್ತಾರೆ. ನಮಗೆ ಉಳಿಯುವುದು ಮಾಡುವ ಕೆಲಸ.

ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಒಂದಲ್ಲ ಒಂದು ರೀತಿಯಲ್ಲಿ ರೋಗಿ ಡಾಕ್ಟರ ಚೀಟಿ ಇಲ್ಲದೆ ನೇರವಾಗಿ ಫಿಸಿಯೋ ಹತ್ತಿರ ಬರಬಹುದು. ಒಂದು ರಾಜ್ಯದಲ್ಲಿ ಷರತ್ತು ಜಾಸ್ತಿ, ಇನ್ನೊಂದರಲ್ಲಿ ಕಡಿಮೆ, ಅಷ್ಟೇ. ಅಂದರೆ ಬೆನ್ನು ನೋವು ಅಂತ ಬಂದ ಮನುಷ್ಯನನ್ನು ಮೊದಲು ನೋಡುವವರು ನೀವೇ ಆಗಿರಬಹುದು. ಅದು ಬರೀ ಸ್ನಾಯು ಹಿಡಿದದ್ದೋ, ಬೇರೆ ಏನಾದರೂ ಇದೆಯೋ ಅಂತ ಹೇಳಬೇಕಾದವರೂ ನೀವೇ. ಲೈಸೆನ್ಸ್ ಕೊಡುವವರಿಗೆ ಇರುವ ಭಯ ಒಂದೇ. ಈ ಹುಡುಗಿಯನ್ನು ರೋಗಿಯ ಜೊತೆ ಒಂದು ಕೋಣೆಯಲ್ಲಿ ಒಬ್ಬಳೇ ಬಿಟ್ಟರೆ ರೋಗಿಗೆ ಅಪಾಯ ಆಗುತ್ತದಾ? ಪರೀಕ್ಷೆಯ ಹೆಚ್ಚಿನ ಪ್ರಶ್ನೆಗಳ ಹಿಂದೆ ಇರುವುದು ಈ ಭಯ.

ಒಂದು ಉದಾಹರಣೆ ಕೊಡುತ್ತೇನೆ. ಇದು ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಅಲ್ಲ, ನಾನೇ ಕಟ್ಟಿದ್ದು. ಯಾಕೆ ಹಾಗೆ ಒತ್ತಿ ಹೇಳುತ್ತಿದ್ದೇನೆ ಅಂತ ಆಮೇಲೆ ಗೊತ್ತಾಗುತ್ತದೆ. ನಲವತ್ತೈದು ವರ್ಷದವರು. ಸೊಂಟ ನೋವು, ಎರಡೂ ಕಾಲಿಗೆ ಇಳಿಯುತ್ತಿದೆ. ನಿನ್ನೆಯಿಂದ ಮೂತ್ರ ಸರಿಯಾಗಿ ಹೋಗುತ್ತಿಲ್ಲ. ಸೈಕಲ್ ಸೀಟಿಗೆ ತಾಗುವ ಜಾಗ ಜೋಮು ಹಿಡಿದ ಹಾಗಿದೆ. ಏನು ಮಾಡುತ್ತೀರಿ? ಸೊಂಟ ಎಳೆಯುವ ಟ್ರ್ಯಾಕ್ಷನ್ನಾ, ಬೆನ್ನು ಹಿಂದಕ್ಕೆ ಬಾಗಿಸುವ ಎಕ್ಸ್‌ಟೆನ್ಷನ್ ಎಕ್ಸರ್‌ಸೈಜಾ, ಮೂರು ದಿನ ಬಿಟ್ಟು ಬನ್ನಿ ಅನ್ನುವುದಾ, ಈಗಲೇ ಎಮರ್ಜೆನ್ಸಿಗೆ ಕಳಿಸುವುದಾ? ಇಲ್ಲಿ ಕುಳಿತಿರುವ ಎಲ್ಲರಿಗೂ ಕಾಡಾ ಎಕ್ವೈನಾ ಗೊತ್ತು, ಬೆನ್ನುಹುರಿಯ ಕೆಳತುದಿಯ ನರಗಳ ಗೊಂಚಲು ಒತ್ತಿಹೋಗುವ ತುರ್ತು ಸ್ಥಿತಿ. ಐದು ಮಾರ್ಕ್ಸಿಗೆ ಬರಿ ಅಂದರೆ ಎರಡು ಪುಟ ಬರೆಯುತ್ತೀರಿ. ಆದರೆ ನನ್ನಂಥವಳು ಪರೀಕ್ಷೆಯಲ್ಲಿ ಕುಳಿತಾಗ ಕಣ್ಣು ಮೊದಲು ಹೋಗುವುದು ಟ್ರ್ಯಾಕ್ಷನ್ ಕಡೆಗೆ. ಯಾಕೆಂದರೆ ನಾಲ್ಕೂವರೆ ವರ್ಷ ಕೈ ಮಾಡಿದ್ದು ಅದನ್ನೇ. 'ಏನೂ ಮಾಡಬೇಡ, ಕಳಿಸು' ಅನ್ನುವುದು ನಮಗೆ ಉತ್ತರ ಅಂತ ಅನ್ನಿಸುವುದೇ ಇಲ್ಲ. ಸೋತ ಹಾಗೆ ಅನ್ನಿಸುತ್ತದೆ. ನನ್ನ ಹನ್ನೆರಡು ಅಂಕ ಹೋದದ್ದು ಇಲ್ಲಿ.

ಇನ್ನೊಂದು ನೋಡಿ. ಟಿ4 ಮಟ್ಟದಲ್ಲಿ, ಅಂದರೆ ಎದೆಯ ಹಿಂದಿನ ನಾಲ್ಕನೇ ಬೆನ್ನುಮೂಳೆಯ ಹತ್ತಿರ, ಬೆನ್ನುಹುರಿಗೆ ಪೆಟ್ಟಾದವರು. ಮ್ಯಾಟ್ ಮೇಲೆ ಮಲಗಿಸಿ ಕಾಲಿನ ಸ್ಟ್ರೆಚಿಂಗ್ ಮಾಡಿಸುತ್ತಿದ್ದೀರಿ. ಇದ್ದಕ್ಕಿದ್ದ ಹಾಗೆ ತಲೆ ಸಿಡಿಯುತ್ತಿದೆ ಅನ್ನುತ್ತಾರೆ. ಮುಖ ಕೆಂಪಾಗಿದೆ, ಬೆವರುತ್ತಿದ್ದಾರೆ. ಬಿಪಿ ಜೋರಾಗಿ ಏರಿದೆ. ಮೊದಲು ಏನು? ನಮ್ಮ ಮನೆಯ ಬುದ್ಧಿ ಏನು ಹೇಳುತ್ತದೆ? ಅಯ್ಯೋ, ಮಲಗಿರಲಿ ಬಿಡಿ, ಎಬ್ಬಿಸಬೇಡಿ, ನೀರು ಕೊಡಿ. ಸರಿಯಾದದ್ದು ಅದರ ಉಲ್ಟಾ. ಮೊದಲು ಎಬ್ಬಿಸಿ ಕೂರಿಸಬೇಕು, ಬಿಪಿ ಇಳಿಯಲಿ ಅಂತ. ಆಮೇಲೆ ಕ್ಯಾಥೆಟರ್ ಮಡಚಿದೆಯಾ, ಬ್ಯಾಗ್ ತುಂಬಿದೆಯಾ, ಬಿಗಿಯಾದ ಬಟ್ಟೆ ಇದೆಯಾ ಅಂತ ಹುಡುಕಬೇಕು. ಇದು ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ, ಪೆಟ್ಟಾದ ಜಾಗದ ಕೆಳಗಿನ ಯಾವುದೋ ಕಿರಿಕಿರಿಗೆ ಬಿಪಿ ಏರಿಬಿಡುವುದು. ಟಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಬರುತ್ತದೆ. ಅದೇ ರೋಗಿಯನ್ನು ಟಿಲ್ಟ್ ಟೇಬಲ್ (ಮಲಗಿದವರನ್ನು ನಿಧಾನಕ್ಕೆ ಎತ್ತಿ ನಿಲ್ಲಿಸುವ ಮೇಜು) ಮೇಲೆ ನಿಲ್ಲಿಸಿದಾಗ ತಲೆ ತಿರುಗಿ ಬಿಪಿ ಇಳಿದರೆ ಆಗ ಮಲಗಿಸಬೇಕು. ಒಂದೇ ರೋಗಿ, ಒಂದೇ ಕೋಣೆ. ಒಂದು ಸಲ ಕೂರಿಸಬೇಕು, ಇನ್ನೊಂದು ಸಲ ಮಲಗಿಸಬೇಕು. ಡೆಫಿನಿಷನ್ ಬಾಯಿಪಾಠ ಮಾಡಿದವರು ಇಲ್ಲಿ ಎಡವುತ್ತಾರೆ. ಒಮ್ಮೆ ವಾರ್ಡಿನಲ್ಲಿ ಕಣ್ಣಾರೆ ನೋಡಿದವರು ಎಡವುವುದಿಲ್ಲ.

ಪ್ರಶ್ನೆಯಲ್ಲಿ 'ಮೊದಲು', 'ಅತ್ಯಂತ ಸೂಕ್ತ' ಅನ್ನುವ ಪದಗಳು ಇರುತ್ತವೆ. ನಾಲ್ಕು ಆಯ್ಕೆಗಳಲ್ಲಿ ಮೂರು ಸರಿ ಇರಬಹುದು. ಆದರೆ ಮೊದಲು ಮಾಡಬೇಕಾದದ್ದು ಒಂದೇ. ನಮ್ಮ ಯೂನಿವರ್ಸಿಟಿ ಪೇಪರಿನಲ್ಲಿ ಲಾಂಗ್ ಎಸ್ಸೇ, ಶಾರ್ಟ್ ಎಸ್ಸೇ, ಶಾರ್ಟ್ ಆನ್ಸರ್. ಗೊತ್ತಿರುವುದನ್ನೆಲ್ಲ ಬರೆದರೆ ಎಲ್ಲೋ ಒಂದು ಕಡೆ ಮಾರ್ಕ್ಸ್ ಬೀಳುತ್ತದೆ. ಇಲ್ಲಿ ಹಾಗೆ ಸುರಿಯಲು ಜಾಗವೇ ಇಲ್ಲ. ಆರಿಸಬೇಕು, ಬಿಡಬೇಕು.

ಇನ್ನು ನಮ್ಮ ಸಿಲೆಬಸ್‌ನಲ್ಲಿ ಇಲ್ಲದ ಅಥವಾ ಇದ್ದೂ ಇಲ್ಲದ ಹಾಗಿರುವ ವಿಷಯಗಳು. ಮಸ್ಕ್ಯುಲೋಸ್ಕೆಲಿಟಲ್, ನ್ಯೂರೋ, ಕಾರ್ಡಿಯೋಪಲ್ಮನರಿ, ಈ ಮೂರೂ ಸೇರಿದರೆ ಪರೀಕ್ಷೆಯ ದೊಡ್ಡ ಪಾಲು. ಅದರಲ್ಲಿ ನಮ್ಮವರು ಗಟ್ಟಿ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಾಯದ ಆರೈಕೆ ನೋಡಿ. ನಮ್ಮಲ್ಲಿ ಡ್ರೆಸಿಂಗ್ ಅಂದರೆ ಸಿಸ್ಟರ್ ಕೆಲಸ, ಇಲ್ಲದಿದ್ದರೆ ಸರ್ಜರಿ ಪಿಜಿ ಕೆಲಸ. ಅಲ್ಲಿ ಫಿಸಿಯೋಗಳೇ ಎಷ್ಟೋ ಕಡೆ ಗಾಯ ನೋಡುತ್ತಾರೆ, ಸತ್ತ ಚರ್ಮ ತೆಗೆಯುತ್ತಾರೆ. ಕಾಲಿನ ಹುಣ್ಣು ಕಣಕಾಲಿನ ಒಳಬದಿಯ ಮೇಲ್ಭಾಗದಲ್ಲಿದೆಯಾ, ಬೆರಳ ತುದಿಯಲ್ಲಿದೆಯಾ? ಕಾಲು ಎತ್ತಿದರೆ ನೋವು ಕಡಿಮೆಯಾ, ಜಾಸ್ತಿಯಾ? ರಕ್ತ ವಾಪಸ್ ಹೋಗದೆ ಕಾಲಲ್ಲೇ ನಿಂತು ಆಗುವ ವೀನಸ್ ಹುಣ್ಣಿಗೆ ಬಿಗಿಯಾದ ಬ್ಯಾಂಡೇಜ್ ಔಷಧ. ರಕ್ತವೇ ಸರಿಯಾಗಿ ಬರದ ಕಾಲಿಗೆ ಅದೇ ಬ್ಯಾಂಡೇಜ್ ಹಾಕಿದರೆ ಕಾಲೇ ಹೋಗಬಹುದು. ಇದನ್ನು ನಾನು ಪುಸ್ತಕದಲ್ಲಿ ಓದಿ ಮೂರು ಸಲ ಮರೆತೆ. ಆಮೇಲೆ ಪಕ್ಕದ ಬೀದಿಯ ಅಜ್ಜಿಯೊಬ್ಬರ ಕಾಲನ್ನು ನೆನಪು ಮಾಡಿಕೊಂಡು ಓದಿದೆ. ಮರೆಯಲಿಲ್ಲ.

ಇನ್ನೊಂದು ತಲೆನೋವು, ಯಾರ ಕೆಲಸ ಯಾರು ಮಾಡಬಹುದು ಅನ್ನುವುದು. ಅಲ್ಲಿ ಪಿಟಿ (ಫಿಸಿಕಲ್ ಥೆರಪಿಸ್ಟ್) ಅಸಿಸ್ಟೆಂಟ್ ಅಂತ ಬೇರೆಯೇ ಲೈಸೆನ್ಸ್ ಇರುವವರು ಇದ್ದಾರೆ. ಅವರ ಕೆಳಗೆ ಏಡ್, ಅಂದರೆ ಸಹಾಯಕರು ಇರುತ್ತಾರೆ. ಮೊದಲ ಅಸೆಸ್‌ಮೆಂಟ್ ಅಸಿಸ್ಟೆಂಟ್ ಕೈಗೆ ಕೊಡುವ ಹಾಗಿಲ್ಲ, ಚಿಕಿತ್ಸೆಯ ಕೆಲವು ಭಾಗ ಕೊಡಬಹುದು. ನಮ್ಮಲ್ಲಿ ಸೀನಿಯರ್ ಇಲ್ಲದಿದ್ದರೆ ಇಂಟರ್ನ್, ಇಂಟರ್ನ್ ಇಲ್ಲದಿದ್ದರೆ ಆಯಾ ಬಂದು ಹಾಟ್ ಪ್ಯಾಕ್ ಇಡುತ್ತಾರೆ. (ನಗಬೇಡಿ, ನೀವೂ ಇಡಿಸಿದ್ದೀರಿ.) ಹಾಗಾಗಿ ಈ ಪ್ರಶ್ನೆಗಳು ನಮಗೆ ಬೇರೆ ಗ್ರಹದ ಪ್ರಶ್ನೆಗಳ ಹಾಗೆ ಕಾಣುತ್ತವೆ.

ಅಳತೆಗಳೂ ಹಾಗೇ. ಜ್ವರ ಫ್ಯಾರನ್‌ಹೀಟ್‌ನಲ್ಲಿ, ತೂಕ ಪೌಂಡಿನಲ್ಲಿ, ವೀಲ್‌ಚೇರ್ ಇಂಚಿನಲ್ಲಿ. ರ‍್ಯಾಂಪ್ ಒಂದು ಇಂಚು ಏರಬೇಕಾದರೆ ಹನ್ನೆರಡು ಇಂಚು ಉದ್ದ ಇರಬೇಕು. ನಮ್ಮಲ್ಲಿ ಕೆಲವು ಆಸ್ಪತ್ರೆಗಳ ರ‍್ಯಾಂಪ್ ನೋಡಿದರೆ ಅದು ವೀಲ್‌ಚೇರಿಗೋ, ಸ್ಕೂಟರ್ ಹತ್ತಿಸಲೋ ಅಂತ ಅನುಮಾನ ಬರುತ್ತದೆ. 'ಒಬ್ಬರು ಹಿಡ್ಕೊಂಡ್ರೆ ನಡೀತಾರೆ' ಅನ್ನುವುದು ನಮ್ಮ ಭಾಷೆ. ಅವರು ಅದನ್ನೇ ಭಾಗ ಮಾಡಿದ್ದಾರೆ. ರೋಗಿ ತಾನೇ ಮುಕ್ಕಾಲು ಪಾಲು ಅಥವಾ ಜಾಸ್ತಿ ಮಾಡಿದರೆ ಮಿನಿಮಲ್ ಅಸಿಸ್ಟ್. ಅರ್ಧದಿಂದ ಮುಕ್ಕಾಲಿನವರೆಗೆ ಮಾಡಿದರೆ ಮಾಡರೇಟ್. ಅದಕ್ಕಿಂತ ಕಡಿಮೆ, ಕಾಲು ಭಾಗದವರೆಗೆ ಮಾಡಿದರೆ ಮ್ಯಾಕ್ಸಿಮಲ್. ಸೊಂಟದ ಕೀಲು ಬದಲಾಯಿಸಿದವರ ವಿಷಯ ಬಂದಾಗ ನಮ್ಮ ತಲೆಯಲ್ಲಿ ಮೊದಲು ಬರುವುದು ಕುಕ್ಕರಗಾಲಿನ ಕಕ್ಕಸು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು. ಅಲ್ಲಿ ಕೇಳುವುದು ತಗ್ಗಾದ ಸೋಫಾ, ಕಾರಿನ ಸೀಟು, ಎತ್ತರಿಸಿದ ಕಮೋಡ್ ಬಗ್ಗೆ. ಹಿಂದಿನಿಂದ ಕೊಯ್ದು ಮಾಡಿದ ಆಪರೇಷನ್ನಿನ ನಿಯಮ ಎರಡೂ ಕಡೆ ಒಂದೇ. 90 ಡಿಗ್ರಿ ಮೀರಿ ಬಗ್ಗಬಾರದು, ಕಾಲು ಮಧ್ಯರೇಖೆ ದಾಟಬಾರದು, ಒಳಕ್ಕೆ ತಿರುಗಬಾರದು. ಮನೆ ಮಾತ್ರ ಬೇರೆ.

ಆಗಲೇ ಹೇಳಿದೆನಲ್ಲ, ಪ್ರಶ್ನೆ ನಾನೇ ಕಟ್ಟಿದ್ದು ಅಂತ. ಅದಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ಬೆಳೆದದ್ದೇ ಹಳೇ ಕ್ವೆಶ್ಚನ್ ಪೇಪರ್ ಮೇಲೆ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಜೆರಾಕ್ಸ್ ಅಂಗಡಿಗೆ ಓಡುತ್ತೇವೆ. ಹತ್ತು ವರ್ಷದ ಪೇಪರ್ ಬೈಂಡ್ ಮಾಡಿ ಇಟ್ಟಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಅವು ಬಹಿರಂಗ ಪತ್ರಿಕೆಗಳು. ಎನ್‌ಪಿಟಿಇಯಲ್ಲಿ ಮಾತ್ರ ಪ್ರಶ್ನೆಯನ್ನು ನೆನಪಿಟ್ಟುಕೊಂಡು ಬಂದು ಇನ್ನೊಬ್ಬರಿಗೆ ಹೇಳುವುದೇ ಅಪರಾಧ. ಕೂರುವ ಮುಂಚೆ ಅದಕ್ಕೆ ಒಪ್ಪಿಕೊಂಡೇ ಕೂರಬೇಕು. ಅದೇ ಪ್ರಶ್ನೆಗಳನ್ನು ಅವರು ಮತ್ತೆ ಬಳಸುತ್ತಾರೆ, ಅದಕ್ಕೇ.

2010ರ ಜುಲೈನಲ್ಲಿ ಆ ಒಕ್ಕೂಟ ಒಂದು ಪ್ರಕಟಣೆ ಹೊರಡಿಸಿತು. ಪ್ರಶ್ನೆಗಳು ಸೋರಿಕೆ ಆಗುತ್ತಿವೆ ಅನ್ನುವ ಕಾರಣ ಕೊಟ್ಟು ಈಜಿಪ್ಟ್, ಭಾರತ, ಪಾಕಿಸ್ತಾನ, ಫಿಲಿಪೀನ್ಸ್ ಈ ನಾಲ್ಕು ದೇಶಗಳಲ್ಲಿ ಓದಿದವರಿಗೆ ಮಾಮೂಲಿ ಪರೀಕ್ಷೆಯನ್ನೇ ನಿಲ್ಲಿಸಿದರು. ಇವರಿಗೆ ಬೇರೆ ಪರೀಕ್ಷೆ ಮಾಡುತ್ತೇವೆ, ಅಲ್ಲಿಯವರೆಗೆ ಕಾಯಿರಿ ಅಂದರು. ನನ್ನ ಸೀನಿಯರ್ ಒಬ್ಬರು ಆಗ ಎಲ್ಲ ಕಾಗದ ಮುಗಿಸಿ, ದಿನಾಂಕಕ್ಕೆ ಕಾಯುತ್ತಿದ್ದರು. ಯಾವತ್ತೂ ಯಾರ ಪ್ರಶ್ನೆಯನ್ನೂ ನೋಡಿದವರಲ್ಲ. ಅವರ ವರ್ಷ ಸುಮ್ನೆ ಹೋಯಿತು. ನಾಲ್ಕು ದೇಶದ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಅನ್ಯಾಯ ಅಂತ ನಾನು ಇವತ್ತಿಗೂ ಅಂದುಕೊಂಡಿದ್ದೇನೆ. ಹಾಗಂತ ಸೋರಿಕೆ ಮಾಡಿದವರದು ಸಣ್ಣ ತಪ್ಪು ಅಂತಲ್ಲ. ಮೊದಲೆಲ್ಲ ವರ್ಷಪೂರ್ತಿ ಯಾವ ದಿನ ಬೇಕಾದರೂ ಬರೆಯಬಹುದಿತ್ತು. 2011ರಿಂದ ನಿಗದಿಯಾದ ಕೆಲವೇ ದಿನಗಳಲ್ಲಿ ಎಲ್ಲರೂ ಬರೆಯುವ ಪದ್ಧತಿ ಬಂತು. ಜನವರಿ, ಏಪ್ರಿಲ್ ಅಂತ ನೀವು ಕ್ಯಾಲೆಂಡರ್ ನೋಡಿಕೊಂಡು ಕೂರುತ್ತೀರಲ್ಲ, ಅದರ ಹಿಂದಿನ ಕಥೆ ಇದು.

ನನ್ನ ಮೊದಲ ಸಲಕ್ಕೆ ಒಂದು ಕೋಚಿಂಗಿಗೆ ದುಡ್ಡು ಕಟ್ಟಿದ್ದೆ. ಹೆಸರು ಬೇಡ. 'ಲಾಸ್ಟ್ ಟೈಮ್ ಬಂದಿದ್ದು' ಅಂತ ಒಂದು ಕಟ್ಟು ಕೊಡಲು ಬಂದರು. ಹೆದರಿ ತೆಗೆದುಕೊಳ್ಳಲಿಲ್ಲ. ಧೈರ್ಯ ಅಂತ ತಿಳಿಯಬೇಡಿ, ಹೆದರಿಕೆಯೇ. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ನಿಮಗೂ ಯಾರಾದರೂ ಹಾಗೆ ಫೋನ್ ಮಾಡಿ ಆಸೆ ತೋರಿಸಿದರೆ ಇಟ್ಟುಬಿಡಿ. ಒಕ್ಕೂಟವೇ ಕೊಡುವ ಅಭ್ಯಾಸ ಪರೀಕ್ಷೆ ಇದೆ, ಪೀಟ್ ಅಂತ. ಅದು ಹಳೆಯ ನಿಜವಾದ ಪ್ರಶ್ನೆಗಳಿಗೆ ಹತ್ತಿರ ಇರುತ್ತದೆ. ಅದನ್ನು ಕೊನೆಯ ವಾರಕ್ಕೆ ಇಡಬೇಡಿ. ಎರಡು ತಿಂಗಳು ಮುಂಚೆ ಒಂದು ಬರೆದು, ತಪ್ಪಾದದ್ದನ್ನು ಕೂತು ನೋಡಿ.

ಹೇಗೆ ನೋಡಬೇಕು ಅನ್ನುವುದರಲ್ಲೇ ಎರಡನೇ ಸಲ ನನ್ನ ಕೈ ಹಿಡಿದದ್ದು ಇದೆ. ಆಗ ನಾನು ನ್ಯೂಜೆರ್ಸಿಯಲ್ಲಿ ಫಿಲಿಪೀನ್ಸ್‌ನ ಹುಡುಗಿಯ ಜೊತೆ ಒಂದು ಕೋಣೆಯಲ್ಲಿದ್ದೆ. ಅವಳೂ ಓದುತ್ತಿದ್ದಳು. ಅವಳು ಒಂದು ನಿಯಮ ಮಾಡಿದಳು. ಉತ್ತರ ತಪ್ಪಾದರೆ ವಿವರಣೆ ಓದುವ ಹಾಗಿಲ್ಲ. ಮೊದಲು ಹೇಳಬೇಕು: ತಪ್ಪು ಯಾಕಾಯಿತು? ಗೊತ್ತಿರಲಿಲ್ಲವಾ? ಗೊತ್ತಿದ್ದೂ ಪ್ರಶ್ನೆ ತಪ್ಪು ಓದಿದೆಯಾ? ಎರಡರ ಮಧ್ಯೆ ಸಿಕ್ಕಿಹಾಕಿಕೊಂಡು ಮನಸ್ಸು ಬದಲಾಯಿಸಿದೆಯಾ? ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮೂರು ವಾರ ಆದ ಮೇಲೆ ಲೆಕ್ಕ ನೋಡಿದರೆ, ಗೊತ್ತಿಲ್ಲದೆ ತಪ್ಪಾದದ್ದು ಮೂರನೇ ಒಂದು ಪಾಲೂ ಇರಲಿಲ್ಲ. ನಾನು ಮಾಡುತ್ತಿದ್ದದ್ದು ಏನು? ಗೊತ್ತಿರುವ ಅನಾಟಮಿಯನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಹಾಯಾಗಿರುತ್ತದಲ್ಲ, ಅದಕ್ಕೆ.

ಇನ್ನೊಂದು ಕಷ್ಟ ಇಂಗ್ಲಿಷ್. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಅರ್ಥ ಆಗುತ್ತದೆ, ಆದರೆ ಓದುವುದು ನಿಧಾನ. 250 ಪ್ರಶ್ನೆ ಇದ್ದ ಆಗ ಒಂದಕ್ಕೆ ಸಿಗುತ್ತಿದ್ದ 72 ಸೆಕೆಂಡಿನಲ್ಲಿ ಐವತ್ತು ಸೆಕೆಂಡ್ ಓದಿಗೇ ಹೋಗುತ್ತಿತ್ತು. ಮೊದಲು ಕೊನೆಯ ಸಾಲು ಓದಿ, ಏನು ಕೇಳಿದ್ದಾರೆ ಅಂತ ತಿಳಿದು, ಆಮೇಲೆ ಮೇಲಿಂದ ಓದುವುದನ್ನು ರೂಢಿ ಮಾಡಿಕೊಂಡೆ. ಜೊತೆಗೆ ಇನ್ನೊಂದು ಮಾಡಿದೆ, ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಪ್ರತಿ ಕೇಸನ್ನೂ ಅಮ್ಮನಿಗೆ ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಒಂದು ಸಾಲು ಮಾಡಿಕೊಳ್ಳುತ್ತಿದ್ದೆ. 'ಅಜ್ಜಿಗೆ ಮಂಡಿ ಆಪರೇಷನ್ ಆಗಿ ಐದು ದಿನ, ಮೀನಖಂಡ ಊದಿ ಬಿಸಿಯಾಗಿದೆ, ಒತ್ತಿದರೆ ನೋವು ಅಂತಾರೆ.' ಕನ್ನಡದಲ್ಲಿ ಹೇಳಿದ ತಕ್ಷಣ ಅದು ಪ್ರಶ್ನೆ ಆಗಿ ಉಳಿಯುವುದಿಲ್ಲ, ಅಜ್ಜಿ ಆಗುತ್ತಾರೆ. ಅಜ್ಜಿಗೆ ಮಸಾಜ್ ಮಾಡುತ್ತೀಯಾ? ಇಲ್ಲ. ರಕ್ತ ಹೆಪ್ಪುಗಟ್ಟಿರಬಹುದು. ಎಕ್ಸರ್‌ಸೈಜ್ ನಿಲ್ಲಿಸಿ ಡಾಕ್ಟರಿಗೆ ಹೇಳುತ್ತೀಯ. ಅಭ್ಯಾಸ ಆದ ಮೇಲೆ ಎರಡು ಸೆಕೆಂಡಿನ ಕೆಲಸ.

ಕಾಗದಪತ್ರದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅಲ್ಲಿ ಈಗ ಓದುವವರು ಡಿಪಿಟಿ, ಅಂದರೆ ಫಿಸಿಕಲ್ ಥೆರಪಿಯಲ್ಲಿ ಡಾಕ್ಟರ್ ಪದವಿ ಮಾಡುತ್ತಾರೆ. ನಮ್ಮ ಬಿಪಿಟಿ (ಬ್ಯಾಚುಲರ್ ಪದವಿ)ಯನ್ನು ಅದರ ಪಕ್ಕದಲ್ಲಿಟ್ಟು ಒಂದೊಂದು ವಿಷಯವಾಗಿ ಹೋಲಿಸುತ್ತಾರೆ. ಅದಕ್ಕೆ ಕಾಲೇಜಿನಿಂದ ಸಿಲೆಬಸ್, ಗಂಟೆಗಳ ಲೆಕ್ಕ, ಇಂಟರ್ನ್‌ಶಿಪ್ ಪೋಸ್ಟಿಂಗ್ ವಿವರ ಎಲ್ಲ ಸಹಿ, ಸೀಲು ಸಮೇತ ಬೇಕು. ನೀವು ಇಲ್ಲೇ ಇರುವಾಗ ಲಾಗ್‌ಬುಕ್ ಸರಿಯಾಗಿ ಬರೆದಿಡಿ. ಐದು ವರ್ಷ ಬಿಟ್ಟು ಬಂದು ಆಫೀಸಿನ ಮುಂದೆ ನಿಂತರೆ, ಆಗಿದ್ದ ಕ್ಲರ್ಕ್ ಇರುವುದಿಲ್ಲ, ಫೈಲೂ ಇರುವುದಿಲ್ಲ. ಯಾವ ರಾಜ್ಯ ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿ. ಲೈಸೆನ್ಸ್ ಕೊಡುವುದು ರಾಜ್ಯ, ನಿಯಮವೂ ಅವರವರದೇ. ಟೆಕ್ಸಾಸ್, ಕ್ಯಾಲಿಫೋರ್ನಿಯಾದಂಥ ಕಡೆ ಆ ರಾಜ್ಯದ ಕಾನೂನಿನ ಪರೀಕ್ಷೆ ಬೇರೆ ಇರುತ್ತದೆ.

ಕೊನೆಗೆ ಪ್ರಶ್ನೆ ಕೇಳಿ ಅಂದೆ. ಒಬ್ಬ ಹುಡುಗಿ, ದಿನಕ್ಕೆ ಎಷ್ಟು ಗಂಟೆ ಓದಬೇಕು ಮೇಡಂ ಅಂದಳು. ಕೆಲಸ ಮಾಡುತ್ತಾ ಓದುವುದಾದರೆ ದಿನಾ ಎರಡು ಗಂಟೆ, ಐದು ತಿಂಗಳು ಸಾಕು ಅಂದೆ. ವಾರಕ್ಕೊಮ್ಮೆಯಾದರೂ ಎದ್ದೇಳದೆ ಒಂದೂವರೆ ಗಂಟೆ ಪ್ರಶ್ನೆ ಬಿಡಿಸಿ. ಐದು ಗಂಟೆ ಕೂರುವುದು ಬೆನ್ನಿಗೂ ಪರೀಕ್ಷೆಯೇ, ನಾವು ಫಿಸಿಯೋಗಳಾದರೂ.

ಹಿಂದಿನ ಸಾಲಿನಿಂದ ಇನ್ನೊಬ್ಬ ಎದ್ದ. "ಮೇಡಂ, ನಮ್ಮ ಪೋಸ್ಟಿಂಗಲ್ಲಿ ಎಲ್ಲ ಪೇಷೆಂಟೂ ಚೀಟಿ ಹಿಡ್ಕೊಂಡೇ ಬರ್ತಾರೆ. ಚೀಟಿ ಇಲ್ಲದ ಪೇಷೆಂಟ್ ಎಲ್ಲಿಂದ ತರೋದು?"

ಒಳ್ಳೆಯ ಪ್ರಶ್ನೆ. ಚೀಟಿಯನ್ನು ಓದದೆ ಮಡಚಿ ಜೇಬಿಗೆ ಇಟ್ಟುಕೊಳ್ಳಿ ಅಂದೆ. ರೋಗಿಯನ್ನು ಕೂರಿಸಿ, ಕೇಳಿ, ಮುಟ್ಟಿ ನೋಡಿ. ಏನಾಗಿರಬಹುದು, ಏನು ಆಗಿರಲೇಬಾರದು, ನಾನಾಗಿದ್ದರೆ ಮೊದಲು ಏನು ಮಾಡುತ್ತಿದ್ದೆ, ನಾಲ್ಕು ಸಾಲು ಬರೆಯಿರಿ. ಆಮೇಲೆ ಚೀಟಿ ಬಿಚ್ಚಿ ಹೋಲಿಸಿ. ಚಿಕಿತ್ಸೆ ಚೀಟಿಯ ಪ್ರಕಾರವೇ ಆಗಲಿ. ಎಲ್ಲಿ ವ್ಯತ್ಯಾಸ ಬಂತೋ ಅದನ್ನು ಸಂಜೆ ನಿಮ್ಮ ಸರ್ ಹತ್ತಿರ ಕೇಳಿ.

"ಜೇಬಲ್ಲಿ ಇಡೋದೇ ಬೇಡ ಮೇಡಂ" ಅಂದ ಅವನು. "ಡಾಕ್ಟ್ರ ಅಕ್ಷರ ಹೇಗೂ ಓದಕ್ಕಾಗಲ್ಲ."